ತಂಪು ಹುಡುಕಿ ಎಸ್.ಪಿ. ರಸ್ತೆಗೆ

ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೊಮೀಟರ್. ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆಗಿದ್ದ ಕಾಲದಲ್ಲಿ ಈ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ಆದರೆ ಬೆಂಕಿಪೊಟ್ಟಣದೊಳಗೆ ಉಗುರಗಲದ ರಬ್ಬರಿನಂಥ ತುಂಡೊಂದನ್ನು ಇಟ್ಟುಕೊಂಡು, ಅದಕ್ಕೆ ಜೋಡಿ ಹುಡುಕಲೆಂದೇ ರೈಲು ಹತ್ತಿದ್ದು ಇದೇ ಮೊದಲು. ಅದೂ ಮೂರು ದಿನದಲ್ಲಿ ಎರಡನೆಯ ಪ್ರಯಾಣ!

ಇದೆಲ್ಲ ಶುರುವಾದದ್ದು ಅಜ್ಜಿಯ ನಿದ್ದೆಯಿಂದ.

ನನ್ನ ಮೊಮ್ಮಗಳು ಒಂಬತ್ತನೇ ತರಗತಿ. ಮನೆಯಲ್ಲಿ ಎಲ್ಲರಿಗೂ ಅವಳು ಪುಟ್ಟಿ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಜಯಮಂಗಲಿ ನದಿಯ ಮೇಲೆ ಎರಡು ನಿಮಿಷದ ಆ್ಯನಿಮೇಷನ್ ಚಿತ್ರ ಮಾಡುತ್ತಿದ್ದಳು. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ನದಿ ಹೇಗೆ ತುಂಬುತ್ತದೆ, ಹೇಗೆ ಬತ್ತುತ್ತದೆ ಎಂಬ ಕಥೆ. ಗಿಡ, ಬಂಡೆ, ನೀರು ಎಲ್ಲವನ್ನೂ ಕಂಪ್ಯೂಟರಿನಲ್ಲೇ ಕೂಡಿಸಿದ್ದಳು. ಇನ್ನು ಉಳಿದದ್ದು, ಒಂದೊಂದು ಚಿತ್ರವನ್ನೂ ಬೆಳಕು ನೆರಳಿನ ಸಮೇತ ಕಂಪ್ಯೂಟರ್ ಬಿಡಿಸಿಕೊಡುವ ಕೆಲಸ. ಅದಕ್ಕೆ ರೆಂಡರ್ ಮಾಡುವುದು ಎನ್ನುತ್ತಾರಂತೆ. ಆ ಕೆಲಸ ಮಾಡುವುದು ಕಂಪ್ಯೂಟರಿನೊಳಗೆ ಕೂತಿರುವ ಗ್ರಾಫಿಕ್ಸ್ ಕಾರ್ಡ್.

ಕಂಪ್ಯೂಟರ್ ಇರುವುದು ನಡುಮನೆಯಲ್ಲಿ. ಅಜ್ಜಿ ಮಲಗುವುದೂ ಅಲ್ಲೇ. ರೆಂಡರ್ ಶುರುವಾದ ಕೂಡಲೇ ಕಾರ್ಡಿನ ಪುಟ್ಟ ಫ್ಯಾನುಗಳು ಕಿರುಚತೊಡಗಿದವು. “ಇದೇನೇ, ಹಿಟ್ಟಿನ ಗಿರಣಿ ತಂದು ತಲೆ ಹತ್ರ ಇಟ್ಟ ಹಾಗಾಯ್ತಲ್ಲೇ” ಎಂದು ಅಜ್ಜಿ ಎದ್ದು ಕೂತಳು. ರಾತ್ರಿ ಹತ್ತಕ್ಕೆ ಕಂಪ್ಯೂಟರ್ ಆರಿತು. ಪುಟ್ಟಿ ಕಾಗದ ತೆಗೆದು ಲೆಕ್ಕ ಹಾಕಿದಳು. ಮಕ್ಕಳೇ, ನೀವೂ ಹಾಕಿ ನೋಡಿ.

ಎರಡು ನಿಮಿಷ ಎಂದರೆ 120 ಸೆಕೆಂಡು. ಸೆಕೆಂಡಿಗೆ 24 ಚಿತ್ರ. ಒಟ್ಟು 2,880 ಚಿತ್ರ. ಒಂದೊಂದಕ್ಕೂ 5 ನಿಮಿಷ. ಅಂದರೆ 14,400 ನಿಮಿಷ, ಅಥವಾ 240 ಗಂಟೆ. ಹಗಲೂ ರಾತ್ರಿ ಓಡಿದರೆ 10 ದಿನ. ರಾತ್ರಿ ನಿಲ್ಲಿಸಿ ದಿನಕ್ಕೆ 14 ಗಂಟೆ ಓಡಿಸಿದರೆ 17 ದಿನಕ್ಕೂ ಹೆಚ್ಚು. ಪ್ರದರ್ಶನಕ್ಕೆ ಉಳಿದಿದ್ದದ್ದು 15 ದಿನ.

“ಓವರ್‌ಕ್ಲಾಕ್ ಮಾಡ್ತೀನಿ ತಾತ” ಎಂದಳು ಪುಟ್ಟಿ.

ಹಾಗೆಂದರೇನು? ಕಾರ್ಡಿನ ಮುಖ್ಯ ಚಿಪ್ಪು ಒಂದು ತಾಳಕ್ಕೆ ಹೆಜ್ಜೆ ಹಾಕುತ್ತ ಕೆಲಸ ಮಾಡುತ್ತದೆ. ಅವಳ ಕಾರ್ಡಿನ ತಾಳ 1,700 ಮೆಗಾಹರ್ಟ್ಸ್. ಎಂದರೆ ಒಂದು ಸೆಕೆಂಡಿಗೆ 170 ಕೋಟಿ ಹೆಜ್ಜೆ. ಕಾರ್ಖಾನೆಯವರು ನಿಗದಿ ಮಾಡಿದ ತಾಳಕ್ಕಿಂತ ಜೋರಾಗಿ ಕುಣಿಸುವುದೇ ಓವರ್‌ಕ್ಲಾಕಿಂಗ್. ಹೆಜ್ಜೆ ಹೆಚ್ಚಿದಷ್ಟೂ ಬಿಸಿ ಹೆಚ್ಚುತ್ತದೆ. ವೋಲ್ಟೇಜನ್ನೂ ಏರಿಸಿದರಂತೂ ಬಿಸಿ ಇನ್ನೂ ಬೇಗ ಏರುತ್ತದೆ. ವೋಲ್ಟೇಜ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು ಎಂಬ ಲೆಕ್ಕ.

ಪರದೆಯ ಮೇಲೆ ಅವಳು ಎರಡು ಅಂಕಿ ತೋರಿಸಿದಳು. ಕಾರ್ಡಿನ ಬಿಸಿ 86 ಡಿಗ್ರಿ. ತಾಳ 1,700 ಇರಬೇಕಾದದ್ದು 1,450ಕ್ಕೆ ಇಳಿದಿತ್ತು. ಬಿಸಿ ತಡೆಯಲಾರದೆ ಚಿಪ್ಪು ತಾನಾಗಿಯೇ ನಿಧಾನವಾಗಿತ್ತು.

“ಎಂಜಿನ್ ಕಾದು ಏದುಸಿರು ಬಿಡ್ತಿರೋವಾಗ ಯಾರಾದ್ರೂ ಆಕ್ಸಿಲರೇಟರ್ ಒತ್ತುತಾರೇನೇ?” ಎಂದೆ. “ಮೊದ್ಲು ರೇಡಿಯೇಟರ್ ನೋಡ್ಬೇಕು.”

ಅವಳಪ್ಪನಿಗೆ ಭಯ. ಕಂಪ್ಯೂಟರ್ ಸೆಕೆಂಡ್ ಹ್ಯಾಂಡ್, ಕಾರ್ಡ್ ಏಳೆಂಟು ವರ್ಷ ಹಳೆಯದು. “ಬಿಚ್ಚಿ ಕೆಡಿಸಿಕೊಂಡ್ರೆ ಈ ವರ್ಷ ಇನ್ನೊಂದು ಕೊಡ್ಸೋಕೆ ನನ್ನ ಕೈಲಿ ಆಗಲ್ಲಪ್ಪ. ಚಿತ್ರವೂ ಇಲ್ಲ, ಕಂಪ್ಯೂಟರೂ ಇಲ್ಲ” ಎಂದ. ಮಾತು ನ್ಯಾಯವೇ. ಆದರೂ ಶನಿವಾರ ಬೆಳಿಗ್ಗೆ ನಾನೂ ಪುಟ್ಟಿಯೂ ಬೆಂಗಳೂರಿನ ರೈಲು ಹತ್ತಿದೆವು.

ರೇಡಿಯೇಟರುಗಳ ಬೀದಿ

ಮೆಜೆಸ್ಟಿಕ್ಕಿನಿಂದ ಸಿಟಿ ಬಸ್ಸಿನಲ್ಲಿ ಬಂದು ಪುರಭವನದ ಹತ್ತಿರ ಇಳಿದೆವು. ದಪ್ಪ ಕಂಬಗಳ ಈ ಕಟ್ಟಡ 1935ರಿಂದ ಇಲ್ಲಿ ನಿಂತಿದೆ. ಇಲ್ಲಿಂದ ಜೆ.ಸಿ. ರಸ್ತೆ ಶುರು. ನಾಟಕ ನೋಡುವವರಿಗೆ ಆ ರಸ್ತೆ ಎಂದರೆ ರವೀಂದ್ರ ಕಲಾಕ್ಷೇತ್ರ. ನಮ್ಮಂಥ ಮೆಕ್ಯಾನಿಕ್ಕುಗಳಿಗೆ ವಾಹನದ ಬಿಡಿಭಾಗಗಳ ಸಂತೆ. ಎಸ್.ಪಿ. ರಸ್ತೆಗೆ ಹೋಗುವ ಮೊದಲು ಪುಟ್ಟಿಯನ್ನು ಅಲ್ಲಿಗೇ ಕರೆದುಕೊಂಡು ಹೋದೆ. ಒಂದು ಅಂಗಡಿಯ ಮುಂದೆ ಹಳೆಯ ರೇಡಿಯೇಟರ್ ಒರಗಿಸಿಟ್ಟಿದ್ದರು.

“ನೋಡು, ಈ ಕೊಳವೇಲಿ ಬಿಸಿ ನೀರು ಹರಿಯುತ್ತೆ. ಕೊಳವೆ ಸುತ್ತ ತೆಳ್ಳಗೆ ತಗಡು ಮಡಿಸಿಟ್ಟಿದ್ದಾರಲ್ಲ, ಇವು ಫಿನ್ನು. ನೀರು ಬರೀ ಹೊರೆ ಹೊರೋ ಆಳು. ಎಂಜಿನ್ನಿಂದ ಬಿಸಿ ಹೊತ್ಕೊಂಡು ಬಂದು ಇಲ್ಲಿ ಇಳಿಸುತ್ತೆ. ಅದನ್ನ ಊರಾಚೆ ಒಯ್ಯೋದು ಗಾಳಿ. ಫಿನ್ನಿಗೆ ಮಣ್ಣು ಮೆತ್ತಿಕೊಂಡ್ರೆ ಎಂಥ ಎಂಜಿನ್ ಆದ್ರೂ ಕುದಿಯುತ್ತೆ.”

ಪುಟ್ಟಿ ಫಿನ್ನುಗಳ ಮೇಲೆ ಬೆರಳಾಡಿಸಿದಳು. “ನಮ್ಮ ಕಾರ್ಡಲ್ಲೂ ಹೀಗೇ ಇದೆ ತಾತ. ಇದರ ಮರಿ ಥರ.”

ಮತ್ತೆ ಪುರಭವನದ ಕಡೆ ಬಂದು, ರಸ್ತೆ ದಾಟಿ ಎಸ್.ಪಿ. ರಸ್ತೆಗೆ ಹೊಕ್ಕೆವು. ಸಾದರ ಪತ್ರಪ್ಪ ರಸ್ತೆ ಎಂಬುದು ಪೂರ್ತಿ ಹೆಸರು. ಹಾಗೆಂದು ಕೇಳಿದರೆ ಅಲ್ಲಿಯವರೇ ಒಂದು ಕ್ಷಣ ಯೋಚಿಸುತ್ತಾರೆ. ನಾನು ಹುಡುಗನಾಗಿದ್ದಾಗ ಇಲ್ಲಿಗೆ ಬರುತ್ತಿದ್ದದ್ದು ಮೋಟಾರು, ಪಂಪು, ರೇಡಿಯೊ ಸಾಮಾನಿಗೆ. ಈಗ ಎರಡೂ ಕಡೆ ಕಂಪ್ಯೂಟರ್ ಅಂಗಡಿಗಳು. ಎದುರಿಗೆ ಬರುವ ಕೈಗಾಡಿ, ಪಕ್ಕಕ್ಕೆ ಸರಿಯಿರಿ ಎನ್ನುವ ಸ್ಕೂಟರು, ತಲೆಯ ಮೇಲೆ ಮಾನಿಟರ್ ಡಬ್ಬ ಹೊತ್ತ ಕೂಲಿಗಳು. ಮೆಟ್ಟಿಲ ಕೆಳಗಿನ ಮೊಣಕಾಲಗಲದ ಜಾಗವೂ ಒಂದು ಅಂಗಡಿ. ಹೊಸದು ಕೊಳ್ಳುವವರು ಮುಂದೆ, ಹಳೆಯದನ್ನು ಬದುಕಿಸಿಕೊಳ್ಳುವವರು ಹಿಂದಿನ ಗಲ್ಲಿಗಳಲ್ಲಿ. ನಾವು ಗಲ್ಲಿ ಹಿಡಿದೆವು.

ಪುಟ್ಟಿಯ ಚೀಟಿಯಲ್ಲಿದ್ದದ್ದು ಇಷ್ಟು: 120 ಮಿಲಿಮೀಟರಿನ ಎರಡು ಫ್ಯಾನು, ಥರ್ಮಲ್ ಪೇಸ್ಟ್, ಥರ್ಮಲ್ ಪ್ಯಾಡ್, ಕೇಬಲ್ ಟೈ, ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್. ಕಾರ್ಡಿನ ಪ್ಲಾಸ್ಟಿಕ್ ಮುಸುಕನ್ನೂ ಅದರ ಸಣ್ಣ ಫ್ಯಾನುಗಳನ್ನೂ ತೆಗೆದು, ಫಿನ್ನುಗಳ ಮೇಲೆ ದೊಡ್ಡ ಫ್ಯಾನು ಕಟ್ಟುವುದು ಅವಳ ಯೋಚನೆ. ದೊಡ್ಡ ಫ್ಯಾನು ನಿಧಾನಕ್ಕೆ ತಿರುಗಿದರೂ ಸಾಕಷ್ಟು ಗಾಳಿ ನೂಕುತ್ತದೆ. ಸಣ್ಣದು ಅಷ್ಟೇ ಗಾಳಿಗೆ ಹುಚ್ಚು ಹಿಡಿದಂತೆ ತಿರುಗಬೇಕು. ಕಿರುಚಾಟ ಬರುವುದು ಅದರಿಂದಲೇ.

ಅಂಗಡಿಯಾತ ಮೂವತ್ತರ ಆಸುಪಾಸಿನವನು. “ಪ್ಯಾಡ್ ಎಷ್ಟು ಎಂ.ಎಂ. ಬೇಕು ಸಾರ್? ಒಂದಾ, ಒಂದೂವರೆನಾ?” ಎಂದು ಕೇಳಿದ. ಪುಟ್ಟಿ ನನ್ನ ಮುಖ ನೋಡಿದಳು. ನಾವಿನ್ನೂ ಕಾರ್ಡ್ ಬಿಚ್ಚಿಯೇ ಇರಲಿಲ್ಲ. “ದಪ್ಪಗಿರೋದೇ ಕೊಡಪ್ಪ. ಮೆತ್ತೆ ಥರ ಚೆನ್ನಾಗಿ ಕೂರುತ್ತೆ” ಎಂದುಬಿಟ್ಟೆ. ಎಲ್ಲ ಸೇರಿ 1,640 ರೂಪಾಯಿ ಆಯಿತು.

ಇಡ್ಲಿ ತಟ್ಟೆಯಲ್ಲಿ ಸ್ಕ್ರೂಗಳು

ಭಾನುವಾರ ತಿಂಡಿಯಾದ ಮೇಲೆ ಅಜ್ಜಿ ಒಂದು ಇಡ್ಲಿ ತಟ್ಟೆ ಕೊಟ್ಟಳು. ಒಂದೊಂದು ಗುಳಿಯಲ್ಲಿ ಒಂದೊಂದು ಜಾಗದ ಸ್ಕ್ರೂ. ವೈರ್ ಕಿತ್ತು, ಪೆಟ್ಟಿಗೆಯ ಕಬ್ಬಿಣ ಮುಟ್ಟಿ ಮೈಯ ಸ್ಥಿರ ವಿದ್ಯುತ್ತು ಕಳೆದುಕೊಂಡು, ಪುಟ್ಟಿ ಕಾರ್ಡನ್ನು ಹೊರಗೆ ತೆಗೆದಳು. ಒಂದೊಂದು ಹೆಜ್ಜೆಗೂ ಫೋಟೊ ಹಿಡಿದುಕೊಂಡಳು.

ಮುಸುಕು ಬಿಚ್ಚಿದರೆ ಫಿನ್ನುಗಳ ನಡುವೆ ದೂಳು ಕಂಬಳಿಯ ಹಾಗೆ ಕೂತಿತ್ತು. ಕೆಳಗೆ ಹೆಬ್ಬೆರಳಿನ ಉಗುರಿನಷ್ಟು ಚಿಪ್ಪು. ಇಡೀ ಕಾರ್ಡು ಎಳೆಯುವುದು 120 ವ್ಯಾಟ್. ಹಳೆಯ ಕಾಲದ 60 ವ್ಯಾಟಿನ ಎರಡು ಬಲ್ಬು ನೆನಪಿಸಿಕೊಳ್ಳಿ. ಅದರ ಬಹುಪಾಲು ಬಿಸಿ ಏಳುವುದು ಈ ಉಗುರಗಲದಲ್ಲಿ!

ಚಿಪ್ಪಿನ ಮೇಲಿನ ಹಳೆಯ ಪೇಸ್ಟು ಒಣಗಿ ಸುಣ್ಣದ ಹಾಗೆ ಉದುರಿತು. “ಇದು ಅಂಟಾ?” ಎಂದೆ. “ಅಲ್ಲ ತಾತ. ಎರಡು ಲೋಹ ಎಷ್ಟೇ ನುಣುಪಾಗಿದ್ರೂ ಕಣ್ಣಿಗೆ ಕಾಣದ ಹಳ್ಳ ದಿಣ್ಣೆ ಇರುತ್ತೆ. ಆ ಹಳ್ಳದಲ್ಲಿ ಗಾಳಿ ಕೂರುತ್ತೆ. ಗಾಳಿ ಬಿಸೀನ ದಾಟಿಸೋದೇ ಇಲ್ಲ ಅನ್ನೋ ಅಷ್ಟು ಸೋಮಾರಿ. ಪೇಸ್ಟ್ ಆ ಹಳ್ಳ ತುಂಬುತ್ತೆ.” ಗಾಳಿಗೆ ಹೋಲಿಸಿದರೆ ತಾಮ್ರ ಹತ್ತು ಸಾವಿರ ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ಸಾಗಿಸುತ್ತದೆ. ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ಕೆಲಸ ಕೆಟ್ಟಿತು.

ಬ್ರಷ್ಷಿನಿಂದ ದೂಳು ತೆಗೆದು, ಹಳೆಯ ಪೇಸ್ಟು ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟಳು. ಚಿಪ್ಪಿನ ಸುತ್ತ ಇರುವ ನೆನಪಿನ ಚಿಪ್ಪುಗಳ ಮೇಲಿನ ಹಳೆಯ ಪ್ಯಾಡ್ ಹರಿದಿದ್ದವು. ಅಲ್ಲಿ ನಾನು ಆರಿಸಿದ ದಪ್ಪ ಪ್ಯಾಡ್ ಕೂರಿಸಿದೆವು. ಫ್ಯಾನುಗಳನ್ನು ಕೇಬಲ್ ಟೈನಲ್ಲಿ ಕಟ್ಟಿ, ಅವುಗಳ ವೈರನ್ನು ಮದರ್‌ಬೋರ್ಡಿಗೆ ಸಿಕ್ಕಿಸಿದ್ದಾಯಿತು.

ಕಂಪ್ಯೂಟರ್ ಹೊತ್ತಿತು. ಎಲ್ಲರೂ ಸುತ್ತ ನಿಂತಿದ್ದೆವು. ರೆಂಡರ್ ಒತ್ತಿದಳು. 60 ಡಿಗ್ರಿ. 75. 88. ಇನ್ನೂ ಒಂದು ನಿಮಿಷವೂ ಆಗಿರಲಿಲ್ಲ, 95!

“ಆರಿಸು” ಎಂದೆ.

ನನ್ನ ಬಲ ಮಣಿಕಟ್ಟಿನಲ್ಲಿ ಒಂದು ಕಲೆ ಇದೆ. ಡಿಪೊಗೆ ಸೇರಿದ ಹೊಸತರಲ್ಲಿ, ಕಾದ ರೇಡಿಯೇಟರಿನ ಮುಚ್ಚಳವನ್ನು ಅವಸರದಲ್ಲಿ ತೆಗೆದು ಮೈಮೇಲೆ ಎಳೆದುಕೊಂಡದ್ದು. ಅಂದಿನಿಂದ ಬಿಸಿಯಾದದ್ದು ಏನೇ ಇರಲಿ, ಮೊದಲು ನಿಲ್ಲಿಸು, ಆರಲು ಬಿಡು, ಆಮೇಲೆ ನೋಡು ಎಂಬುದು ನನ್ನ ಪಾಠ. ಪುಟ್ಟಿ ಆರಿಸಿದಳು. ಕಣ್ಣು ತುಂಬಿತ್ತು. ಅವಳಪ್ಪ ಏನೂ ಅನ್ನದೆ ಎದ್ದು ಹೊರಗೆ ಹೋದ. ಬೈದಿದ್ದರೇ ವಾಸಿಯಿತ್ತು.

ಒಂದು ಗಂಟೆ ಬಿಟ್ಟು ಮತ್ತೆ ಬಿಚ್ಚಿದೆವು. ನಾವಿಟ್ಟ ಪೇಸ್ಟು ತೆಳ್ಳಗೆ ಹರಡದೆ ದಪ್ಪಗೇ ಉಳಿದಿತ್ತು. ಅಂದರೆ ಮೇಲಿನ ಲೋಹ ಚಿಪ್ಪಿಗೆ ಒತ್ತಿಕೊಂಡೇ ಇರಲಿಲ್ಲ. ಏನೋ ಅದನ್ನು ಎತ್ತಿ ಹಿಡಿದಿತ್ತು. ಭಾನುವಾರ ಎಸ್.ಪಿ. ರಸ್ತೆಯಲ್ಲಿ ಬಹುಪಾಲು ಅಂಗಡಿ ಮುಚ್ಚಿರುತ್ತವೆ. ಪುಟ್ಟಿಗೆ ಸೋಮವಾರ ಶಾಲೆ. ಹಳೆಯ ಪ್ಯಾಡಿನ ಹರಿಯದೆ ಉಳಿದ ತುಂಡೊಂದನ್ನು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡು ನಾನೊಬ್ಬನೇ ಹೊರಟೆ.

ಕುಂಬಾರಪೇಟೆಯ ಹೂಜಿ

ಅಂಗಡಿಯಾತ ನನ್ನ ಗುರುತು ಹಿಡಿದ. ಪೊಟ್ಟಣ ತೆರೆದು ತುಂಡನ್ನು ಎರಡು ಬೆರಳಲ್ಲಿ ಹಿಡಿದವನೇ ನಕ್ಕ. “ಇದು ಒಂದು ಎಂ.ಎಂ. ಸಾರ್. ನೀವು ಒಂದೂವರೆ ತಗೊಂಡು ಹೋದ್ರಿ. ಅರ್ಧ ಎಂ.ಎಂ. ಎತ್ತರ ಆಯ್ತು. ಹೀಟ್‌ಸಿಂಕು ಪ್ಯಾಡ್ ಮೇಲೆ ಕೂತ್ಕೊಂಡಿದೆ, ಚಿಪ್ ಮೇಲೆ ಕೂತಿಲ್ಲ.”

ಅರ್ಧ ಮಿಲಿಮೀಟರ್! ಎಂಜಿನ್ ಹೆಡ್ಡಿನ ಗ್ಯಾಸ್ಕೆಟ್ಟು ದಪ್ಪವಾದರೆ ಏನಾಗುತ್ತದೆಂದು ಹುಡುಗರಿಗೆ ಪಾಠ ಹೇಳುತ್ತಿದ್ದವನು ನಾನು. ಬಿಚ್ಚಿ ಅಳೆಯದೆ ಸಾಮಾನು ಕೊಂಡಿದ್ದೆ. ತಪ್ಪು ಅಂಗಡಿಯದಲ್ಲ, ಮೊಮ್ಮಗಳದೂ ಅಲ್ಲ. “ಕಾರ್ಡ್ ಹೋಗಿರುತ್ತಾ?” ಎಂದು ಕೇಳಿದೆ. “ತಕ್ಷಣ ಆಫ್ ಮಾಡಿದ್ರಲ್ಲ, ಏನೂ ಆಗಿರಲ್ಲ ಬಿಡಿ” ಎಂದ. ನನಗೆ ಉಸಿರು ಬಂತು.

ಪ್ಯಾಡ್ ಕತ್ತರಿಸಿ ಕೊಡುತ್ತ ಅವನು ಗುಜರಿ ಡಬ್ಬದಿಂದ ಒಂದು ತಾಮ್ರದ ಕೊಳವೆಯ ತುಂಡು ತೆಗೆದು ತೋರಿಸಿದ. ಸತ್ತ ಕಾರ್ಡೊಂದರ ಹೀಟ್‌ಪೈಪ್. ನಮ್ಮ ಕಾರ್ಡಿನಲ್ಲೂ ಅಂಥವು ಇದ್ದವು. ತಾಮ್ರದ ಗಟ್ಟಿ ಕಂಬಿ ಎಂದುಕೊಂಡಿದ್ದೆ. ಅಡ್ಡ ಕೊಯ್ದ ತುದಿ ನೋಡಿದರೆ ಒಳಗೆ ಟೊಳ್ಳು, ಗೋಡೆಗೆ ರವೆ ಮೆತ್ತಿದಂತೆ ತಾಮ್ರದ ಪುಡಿ. “ಇದರಲ್ಲಿ ಸ್ವಲ್ಪ ನೀರಿರುತ್ತೆ ಸಾರ್, ಗಾಳಿ ತೆಗೆದು ಸೀಲ್ ಮಾಡಿರ್ತಾರೆ.” ಗಾಳಿಯ ಒತ್ತಡ ಇಲ್ಲದ ಕಡೆ ನೀರು ಕಡಿಮೆ ಬಿಸಿಗೇ ಆವಿಯಾಗುತ್ತದೆ. ಚಿಪ್ಪಿನ ಕಡೆ ಆವಿಯಾಗಿ ಬಿಸಿ ಹೊತ್ತುಕೊಂಡು ಫಿನ್ನಿನ ಕಡೆ ಓಡುತ್ತದೆ. ಅಲ್ಲಿ ತಣಿದು ಮತ್ತೆ ನೀರಾಗುತ್ತದೆ. ದೀಪದ ಬತ್ತಿ ಎಣ್ಣೆ ಎಳೆಯುವಂತೆ ಆ ಪುಡಿ ನೀರನ್ನು ವಾಪಸ್ ಎಳೆದು ತರುತ್ತದೆ. ಪಂಪಿಲ್ಲ, ಸದ್ದಿಲ್ಲ.

ರೈಲಿಗೆ ಇನ್ನೂ ಹೊತ್ತಿತ್ತು. ಪಕ್ಕದ ಪೇಟೆಗಳಲ್ಲಿ ಸುಮ್ಮನೆ ನಡೆದೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಊರು ಇದೇ. ಒಂದೊಂದು ಕಸುಬಿಗೆ, ಒಂದೊಂದು ಸರಕಿಗೆ ಒಂದೊಂದು ಪೇಟೆ. ಅಕ್ಕಿಪೇಟೆ, ಬಳೇಪೇಟೆ, ಗಾಣಿಗರಪೇಟೆ, ನಗರ್ತಪೇಟೆ. ಕರಗ ಹೊರಡುವ ಧರ್ಮರಾಯಸ್ವಾಮಿ ಗುಡಿಯೂ ಇಲ್ಲೇ. ಹಾಗೆ ನಡೆಯುತ್ತ ಬಂದದ್ದು ಕುಂಬಾರಪೇಟೆಗೆ. ಹೆಸರು ಕುಂಬಾರರದ್ದು. ನಾನು ನಡೆದಷ್ಟು ದೂರ ಒಂದು ತಿಗರಿಯೂ ಕಾಣಲಿಲ್ಲ.

ಆದರೆ ಆ ಹೆಸರು ಓದಿದಾಗ ನಮ್ಮ ಮನೆಯ ಮೂಲೆಯ ಹೂಜಿ ಕಣ್ಣ ಮುಂದೆ ಬಂತು. ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಹೊರಮೈಯಲ್ಲಿ ಆವಿಯಾಗುತ್ತದೆ. ಹೋಗುವಾಗ ಒಳಗಿನ ನೀರಿನ ಬಿಸಿಯನ್ನು ಜೊತೆಗೆ ಒಯ್ಯುತ್ತದೆ. ಹೀಟ್‌ಪೈಪಿನಲ್ಲಿ ಆಗುವುದೂ ಅದೇ. ವ್ಯತ್ಯಾಸವಿಷ್ಟೇ: ಹೂಜಿಯ ಆವಿ ಗಾಳಿಗೆ ಸೇರಿಹೋಗುತ್ತದೆ, ನಾವು ಮತ್ತೆ ನೀರು ತುಂಬಬೇಕು. ಕೊಳವೆಯ ಆವಿ ಒಳಗೇ ನೀರಾಗಿ ಹಿಂದಿರುಗುತ್ತದೆ. ಜೆ.ಸಿ. ರಸ್ತೆಯ ರೇಡಿಯೇಟರು, ಎಸ್.ಪಿ. ರಸ್ತೆಯ ಕೊಳವೆ, ಕುಂಬಾರರ ಹೂಜಿ. ನಡೆದು ಮುಗಿಸುವಷ್ಟು ದೂರದಲ್ಲಿ, ಬಿಸಿ ಹೊರಹಾಕಲು ಮನುಷ್ಯ ಕಂಡುಕೊಂಡ ಮೂರು ಉಪಾಯ. ಮೂರರಲ್ಲೂ ಹೊರೆ ಹೊರುವುದು ನೀರೇ.

ನದಿಯಲ್ಲಿ ಬಿಳಿ ಚುಕ್ಕೆ

ಸಂಜೆ ಪುಟ್ಟಿ ಶಾಲೆಯಿಂದ ಬಂದ ಮೇಲೆ ಮತ್ತೆ ಇಡ್ಲಿ ತಟ್ಟೆ ಹೊರಬಂತು. ಈ ಸಲ ಪ್ಯಾಡ್ ಕೂರಿಸಿ, ಹೀಟ್‌ಸಿಂಕನ್ನು ಸುಮ್ಮನೆ ಒತ್ತಿ, ಎತ್ತಿ ನೋಡಿದೆವು. ಪೇಸ್ಟು ಚಿಪ್ಪಿನ ತುಂಬ ಸಮನಾಗಿ ಹರಡಿತ್ತು. ಒರೆಸಿ, ಹೊಸ ಪೇಸ್ಟ್ ಇಟ್ಟು, ಸ್ಕ್ರೂಗಳನ್ನು ಎದುರುಬದುರು ಜೋಡಿಯಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆವು. ಚಕ್ರದ ನಟ್ಟು ಬಿಗಿಯುವಂತೆ.

ರೆಂಡರ್ ಶುರುವಾಯಿತು. 50, 58, 64, 67. ಅಲ್ಲಿಗೆ ನಿಂತಿತು. ಅರ್ಧ ಗಂಟೆಯಾದರೂ 67! ತಾಳ 1,700ರಿಂದ ಕದಲಲಿಲ್ಲ. ಒಂದು ಚಿತ್ರಕ್ಕೆ 5 ನಿಮಿಷದ ಬದಲು 4 ನಿಮಿಷ 15 ಸೆಕೆಂಡು.

ಆಮೇಲೆ ಓವರ್‌ಕ್ಲಾಕಿಂಗ್. ವೋಲ್ಟೇಜ್ ಮುಟ್ಟುವುದಿಲ್ಲ ಎಂದು ಮೊದಲೇ ಒಪ್ಪಂದವಾಗಿತ್ತು. ಇಪ್ಪತ್ತಿಪ್ಪತ್ತು ಮೆಗಾಹರ್ಟ್ಸ್ ಏರಿಸುತ್ತ, ಪ್ರತಿ ಸಲವೂ ಅದೇ ಚಿತ್ರ ಬಿಡಿಸಿ, ಮೊದಲಿನದರೊಡನೆ ಹೋಲಿಸಿ ನೋಡಿದಳು. 1,820ರವರೆಗೆ ಸರಿಯಿತ್ತು. 1,860ಕ್ಕೆ ನದಿಯ ನೀರಿನಲ್ಲಿ ನಾಲ್ಕಾರು ಬಿಳಿ ಚುಕ್ಕೆ ಕಂಡವು.

“ಮೀನಲ್ವೇನೇ?” ಎಂದಳು ಅಜ್ಜಿ.

“ಅಲ್ಲ ಅಜ್ಜಿ, ಚಿಪ್ಪು ಲೆಕ್ಕ ತಪ್ಪಿದೆ. ತಂಪಾಗಿದ್ರೂ ಇದಕ್ಕಿಂತ ಜೋರಾಗಿ ಹೆಜ್ಜೆ ಹಾಕೋಕೆ ಅದ್ರ ಕೈಲಾಗಲ್ಲ” ಎಂದು ಪುಟ್ಟಿ 1,820ಕ್ಕೆ ಇಳಿಸಿದಳು. ಒಂದು ಚಿತ್ರಕ್ಕೆ ಸರಿಯಾಗಿ 4 ನಿಮಿಷ.

ಕಾಗದದ ಲೆಕ್ಕ ಮತ್ತೆ ಹೊರಬಂತು. ಹಗಲಿರುಳು ಓಡಿಸಿದರೆ, ಮೊದಲು 10 ದಿನ. ತಂಪು ಮಾಡಿದ ಮೇಲೆ ಎಂಟೂವರೆ ದಿನ. ಓವರ್‌ಕ್ಲಾಕ್ ಮಾಡಿದ ಮೇಲೆ 8 ದಿನ. “ಅಂದ್ರೆ ಓವರ್‌ಕ್ಲಾಕಿಂದ ಉಳಿದದ್ದು ಬರೀ ಅರ್ಧ ದಿನ. ಬ್ರಷ್ಷು, ಪೇಸ್ಟು, ಫ್ಯಾನಿಂದ ಒಂದೂವರೆ ದಿನ!” ಎಂದು ಅವಳೇ ಬೆರಗಾದಳು. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿತ್ತು. ಅದು ತಿಳಿಯಲು ರಾತ್ರಿಯಾಗಬೇಕಿತ್ತು.

ಹತ್ತು ಗಂಟೆಗೆ ಅಜ್ಜಿ ಹಾಸಿಗೆ ಹಾಸಿದಳು. ಕಂಪ್ಯೂಟರ್ ಓಡುತ್ತಲೇ ಇತ್ತು. ಪುಟ್ಟಿ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದಳು. ಹತ್ತು ನಿಮಿಷ ಕಳೆಯಿತು. ದೊಡ್ಡ ಫ್ಯಾನುಗಳ ಸಣ್ಣ ಸುಯ್ಯೆಂಬ ಸದ್ದಿನ ಮೇಲೆ ಇನ್ನೊಂದು ಸದ್ದು ಕೇಳಿಸಿತು. ಅಜ್ಜಿಯ ಗೊರಕೆ.

ನಡುವೆ ಮೂರು ಸಲ ಕರೆಂಟು ಹೋಯಿತು. ಆದರೆ ಮುಗಿದ ಚಿತ್ರಗಳೆಲ್ಲ ಒಂದೊಂದಾಗಿ ಉಳಿದಿರುತ್ತಿದ್ದರಿಂದ ನಷ್ಟವಾದದ್ದು ಆ ಹೊತ್ತಿನ ಒಂದು ಚಿತ್ರ ಮಾತ್ರ. ಮುಂದಿನ ವಾರ ಬುಧವಾರ ಬೆಳಗಿನ ಜಾವ 2,880ನೆಯ ಚಿತ್ರ ಮುಗಿಯಿತು. ಪ್ರದರ್ಶನಕ್ಕೆ ಇನ್ನೂ ಮೂರು ದಿನ ಇತ್ತು. ಅವಳಪ್ಪ ಕಾಫಿ ಲೋಟ ಹಿಡಿದುಕೊಂಡು ಎರಡು ನಿಮಿಷದ ನದಿಯನ್ನು ಎರಡು ಸಲ ನೋಡಿದ. “ಆ ಹಳೇ ಫ್ಯಾನುಗಳನ್ನ ಎಸೀಬೇಡ, ಎತ್ತಿಟ್ಟಿರು” ಎಂದಷ್ಟೇ ಹೇಳಿದ.

ಶಾಲೆಗೆ ಹೊರಡುವ ಮೊದಲು ಪುಟ್ಟಿ ಕಂಪ್ಯೂಟರ್ ಮುಂದೆ ಕೂತು ಏನೋ ಮಾಡುತ್ತಿದ್ದಳು. ಬಗ್ಗಿ ನೋಡಿದೆ. 1,820 ಇದ್ದದ್ದನ್ನು ಮತ್ತೆ 1,700ಕ್ಕೆ ತಂದಿದ್ದಳು.

“ಯಾಕೇ?” ಎಂದೆ.

“ಕೆಲ್ಸ ಮುಗೀತಲ್ಲ ತಾತ. ಸುಮ್ನೆ ಯಾಕೆ ಓಡಿಸ್ಬೇಕು?” ಎಂದು ಚೀಲ ಹೆಗಲಿಗೇರಿಸಿ, ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿ ಕುಡಿದು ಹೊರಟಳು.